ಮೋರಿ ಹತ್ತಿರದ ರೈಲುಲಾರಿ

ರಸ್ತೆಯಲ್ಲಿ ಗಾಡಿ ನಿಲ್ಲಿಸುವುದಕ್ಕೂ ಕಾನೂನು ಇದೆ ಎಂದು ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನಮ್ಮ ಕಡೆ ಯಾರು ಎಲ್ಲಿ ಬೇಕಾದರೂ ನಿಲ್ಲಿಸುತ್ತಿದ್ದರು. ಹುಲ್ಲಿನ ಗಾಡಿ, ತೆಂಗಿನಕಾಯಿ ಲಾರಿ, ಕುರಿಮಂದೆ, ಎಲ್ಲಕ್ಕೂ ರಸ್ತೆಯೇ ಅಂಗಳ. ಲಾರಿ ಕೆಟ್ಟು ನಿಂತರೆ ಹಿಂದೊಂದಿಷ್ಟು, ಮುಂದೊಂದಿಷ್ಟು ದಪ್ಪ ಕಲ್ಲು ಜೋಡಿಸಿ, ಹೊಂಗೆ ಕೊಂಬೆ ಮುರಿದು ಹಾಕಿದರೆ ಮುಗಿಯಿತು. ಅದೇ ಎಚ್ಚರಿಕೆಯ ಬೋರ್ಡು, ಅದೇ ಕೆಂಪು ದೀಪ. ರಿಪೇರಿಯಾದ ಮೇಲೆ ಲಾರಿ ಹೋಗುತ್ತಿತ್ತು, ಕಲ್ಲುಗಳು ಮಾತ್ರ ಅಲ್ಲೇ ಉಳಿಯುತ್ತಿದ್ದವು. ಇಟ್ಟವನೇ ತೆಗೆಯಬೇಕೆಂಬ ಬುದ್ಧಿ ಒಬ್ಬನಿಗೂ ಇರಲಿಲ್ಲ. ಆ ಕಲ್ಲುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಮೊದಲಿನಿಂದಲೂ ಸಿಡುಕಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮೂರು ಅಜ್ಜಂಪುರದಿಂದ ಅಂತರಘಟ್ಟೆ ಕಡೆಗೆ ಹೋಗುವ ದಾರಿಯಲ್ಲಿದೆ. ನಾನು ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರು. ನಮ್ಮ ಯಜಮಾನರು ಖಾಸಗಿ ಬಸ್ಸಿನ ಡ್ರೈವರು. ಬೆಳಿಗ್ಗೆ ಏಳು ಗಂಟೆಗೆ ಊರಿನಿಂದ ಬಸ್ಸು ತೆಗೆದರೆ ಅಜ್ಜಂಪುರ, ಬೀರೂರು, ಕಡೂರು. ಹಗಲೆಲ್ಲ ಕಡೂರಿಗೂ ಸಖರಾಯಪಟ್ಟಣಕ್ಕೂ ಓಡಾಟ. ಸಂಜೆ ಆರೂವರೆಗೆ ಮತ್ತೆ ಊರು. ಬಸ್ಸು ರಾತ್ರಿ ಶಾಲೆಯ ಮುಂದೆಯೇ ತಂಗುತ್ತಿತ್ತು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ರಸ್ತೆಗೆ ಆಗಷ್ಟೇ ಡಾಂಬರು ಬಂದಿತ್ತು. ಅದೂ ಒಂದೂವರೆ ಬಸ್ಸಿನಷ್ಟು ಅಗಲ, ಆಚೀಚೆ ಎರೆ ಮಣ್ಣು.

ಅವರ ಬಸ್ಸೆಂದರೆ ಜನಕ್ಕೆ ಬಲು ನೆಚ್ಚಿಕೆ. ಬಸುರಿ ಹೆಂಗಸರು, ಮೊಟ್ಟೆ ಬುಟ್ಟಿಯವರು, ವಯಸ್ಸಾದವರು ಬೇರೆ ಬಸ್ಸು ಬಿಟ್ಟು ಇವರ ಬಸ್ಸಿಗೇ ಕಾಯುತ್ತಿದ್ದರು. ‘ನಿಮ್ಮೆಜಮಾನ್ರು ಎಷ್ಟು ನಿದಾನಕ್ಕೆ ಓಡಿಸ್ತಾರೆ ಕಣ್ರೀ ಟೀಚರಮ್ಮ, ಕೂತಿರೋದೇ ಗೊತ್ತಾಗಲ್ಲ’ ಎಂದು ನನ್ನೆದುರು ಹೊಗಳುತ್ತಿದ್ದರು. ನಾನು ನಗುತ್ತಿದ್ದೆ. ನಿಧಾನ ಯಾಕೆಂದು ಗೊತ್ತಿದ್ದವಳು ಈ ಲೋಕದಲ್ಲಿ ನಾನೊಬ್ಬಳೇ.

ಅವರಿಗೆ ಇರುಳುಗುರುಡು ಶುರುವಾಗಿತ್ತು. ಮೊದಲು ನನಗೂ ತಿಳಿಯಲಿಲ್ಲ. ಒಂದು ದಿನ ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಲ ಬಾಗಿಲಲ್ಲಿ ಮಲಗಿದ್ದ ಕರುವಿನ ಮೇಲೆ ಕಾಲಿಟ್ಟು ಬಿದ್ದರು. ಇನ್ನೊಂದು ದಿನ ಎದುರಿಗಿದ್ದ ನೀರಿನ ಚೊಂಬಿಗೆ ನೆಲವೆಲ್ಲ ತಡಕಿದರು. ‘ಏನ್ರೀ ಇದು?’ ಎಂದು ಜೋರು ಮಾಡಿದಾಗ ಬಾಯಿ ಬಿಟ್ಟರು. ದೀಪವಿದ್ದದ್ದು ಕಾಣುತ್ತದೆ, ದೀಪವಿಲ್ಲದ್ದು ಕಾಣುವುದಿಲ್ಲ. ಎತ್ತಿನ ಗಾಡಿಯ ಕೆಳಗೆ ತೂಗುವ ಲಾಟೀನು ಕಾಣುತ್ತದೆ, ಸೈಕಲ್ಲಿನ ದೀಪ ಕಾಣುತ್ತದೆ. ಬಸ್ಸಿನ ಮಂಕು ದೀಪದ ಬೆಳಕು ಬಿದ್ದ ಕಡೆಯೂ ಬರೀ ಕಪ್ಪು. ರಸ್ತೆ?

‘ರಸ್ತೆ ನೋಡೋದೇನಿದೆ ಕಣೇ, ಹನ್ನೆರಡು ವರ್ಷದಿಂದ ಅದೇ ರಸ್ತೆ’ ಎಂದರು.

ಅದು ಜಂಬದ ಮಾತಲ್ಲ, ನಿಜ. ಅವರು ಕಣ್ಣಿನಿಂದಲ್ಲ, ನೆನಪಿನಿಂದ ಬಸ್ಸು ಓಡಿಸುತ್ತಿದ್ದರು. ಅಜ್ಜಂಪುರ ಬಿಟ್ಟ ಮೇಲೆ ಯಾವ ಏರಿಗೆ ಎಂಜಿನ್ನಿನ ಸದ್ದು ಹೇಗೆ ಬದಲಾಗುತ್ತದೆ, ಯಾವ ಗುಂಡಿಯಲ್ಲಿ ಎಡಗಾಲು ಅದುರುತ್ತದೆ, ಅದಾದ ಮೇಲೆ ಎಷ್ಟು ಎಣಿಸಿದರೆ ತಿರುವು, ಎಲ್ಲ ಬಾಯಿಪಾಠ. ಬೇಸಿಗೆಯಲ್ಲಿ ಆರೂವರೆಗೆ ಇನ್ನೂ ಬೆಳಕಿರುತ್ತಿತ್ತು, ತೊಂದರೆಯಿರಲಿಲ್ಲ. ದೀಪಾವಳಿ ಕಳೆದು ಹಗಲು ಗಿಡ್ಡವಾದಂತೆ ಕೊನೆಯ ಐದಾರು ಮೈಲಿ ಕತ್ತಲೆಯ ಪಾಲಾಯಿತು. ನಾನು ಜಗಳವಾಡಿದೆ, ಅತ್ತು ಕರೆದೆ, ಊಟ ಬಿಟ್ಟೆ. ಓನರಿಗೆ ಹೇಳಿ ಹಗಲಿನ ಟ್ರಿಪ್ಪು ಹಾಕಿಸಿಕೊಳ್ಳಿ ಎಂದರೆ, ಯಾಕೆ ಅಂತ ಕೇಳಿದರೆ ಏನು ಹೇಳಲಿ ಎನ್ನುತ್ತಿದ್ದರು. ಕಣ್ಣಿಲ್ಲ ಅಂದ ಡ್ರೈವರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ‘ಶಿವರಾತ್ರಿ ಬರ್ಲಿ ತಡಿ, ಹೊತ್ತು ಉದ್ದ ಆಗ್ತದೆ’ ಎಂದು ಸಮಾಧಾನ ಹೇಳುತ್ತಿದ್ದರು. ನಾನು ಕಣ್ಣಿಗೆ ಒಳ್ಳೆಯದೆಂದು ಮೂರು ಹೊತ್ತೂ ನುಗ್ಗೆಸೊಪ್ಪಿನ ಪಲ್ಯ ಮಾಡಿ ಹಾಕಿದೆ. ಸಂಜೆ ಶಾಲೆಯ ಮುಂದೆ ಬಸ್ಸಿನ ಹಾರನ್ನು ಕೇಳಿದ ಮೇಲೆಯೇ ಒಲೆ ಹೊತ್ತಿಸುತ್ತಿದ್ದೆ.

ಅಂಥ ಹೊತ್ತಿನಲ್ಲಿ ಆ ರೈಲುಲಾರಿ ಬಂತು.

ಹೆಸರಿಟ್ಟದ್ದು ನಮ್ಮ ಶಾಲೆಯ ಮಕ್ಕಳು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಓಡಿಹೋಗಿ ನೋಡಿಬಂದು, ‘ಟೀಚರ್, ರೈಲಿನಂಗೆ ಐತೆ, ಚಕ್ರ ಎಣಿಸಕ್ಕೇ ಆಗಲ್ಲ’ ಎಂದವು. ಹೊಸದುರ್ಗದ ಕಡೆಯಿಂದ ತರೀಕೆರೆಗೆ ಹೊರಟಿದ್ದ ಟ್ರೈಲರು. ಮೇಲೆ ಯಾವುದೋ ಕಾರ್ಖಾನೆಯ ಮೆಷೀನು, ಒಂದು ಮನೆಯಷ್ಟು ಎತ್ತರ, ಟಾರ್ಪಾಲು ಮುಚ್ಚಿದ್ದರು. ನಮ್ಮೂರಿಗೆ ಒಂದು ಮೈಲಿ ಇರುವಾಗ ಹಳ್ಳದ ಮೋರಿ ಸಿಗುತ್ತದೆ. ಹಳೆಯ ಮೋರಿ, ಅಷ್ಟು ಭಾರ ತಡೆಯುವುದಿಲ್ಲ ಎಂದು ಅದನ್ನು ದಾಟದೆ ಅಜ್ಜಂಪುರದ ಕಡೆಗೇ ನಿಲ್ಲಿಸಿಬಿಟ್ಟಿದ್ದರು. ಅಜ್ಜಂಪುರದಿಂದ ಬರುವ ಬಸ್ಸಿಗೆ ಸರಿಯಾಗಿ ಎಡಗಡೆ, ಡಾಂಬರಿನ ಅರ್ಧಕ್ಕಿಂತ ಹೆಚ್ಚು ನುಂಗಿಕೊಂಡು ನಿಂತಿತ್ತು.

ಬೆಳಿಗ್ಗೆ ನಮ್ಮವರು ಬಸ್ಸು ತೆಗೆದುಕೊಂಡು ಹೋದಾಗ ಅದು ಅಲ್ಲಿರಲಿಲ್ಲ. ಹನ್ನೆರಡು ವರ್ಷದ ಅವರ ಬಾಯಿಪಾಠದಲ್ಲಿ ಅದು ಎಲ್ಲೂ ಇರಲಿಲ್ಲ.

ಶಾಲೆ ಬಿಟ್ಟ ಕೂಡಲೇ ಲಾಟೀನು ಹಿಡಿದು ನಡೆದೆ. ಟ್ರೈಲರಿನ ಡ್ರೈವರು ಎಲ್ಲಿಯವನೋ, ಅರ್ಧ ಕನ್ನಡ ಅರ್ಧ ಹಿಂದಿ ಮಾತಾಡುವ ಸಾಧು ಮನುಷ್ಯ. ಚಕ್ರದ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ.

‘ಪಕ್ಕಕ್ಕೆ ಇಳಿಸ್ರಿ ಗಾಡೀನ’ ಎಂದೆ.

‘ಇಳಿಸಿದ್ರೆ ಹೋಯ್ತು ಅಮ್ಮ. ಮಣ್ಣು ನೋಡಿ, ಚಕ್ರ ಪೂರಾ ಒಳಗೆ.’

‘ಹಿಂದ್ಗಡೆ ಕೆಂಪು ದೀಪನಾದ್ರೂ ಹಾಕ್ರಿ.’

‘ಬ್ಯಾಟರಿ ಡೌನ್ ಅಮ್ಮ. ಪತ್ಥರ್ ಇಟ್ಟೀನಿ, ಸೊಪ್ಪು ಇಟ್ಟೀನಿ, ಎಲ್ಲಾ ಕಾಯ್ದೆ ಪ್ರಕಾರ’ ಎಂದು ನಕ್ಕ. ನೋಡಿದರೆ ಹಿಂದೆ ಎಂಟು ಹತ್ತು ದಪ್ಪ ಕಲ್ಲು, ನಡುವೆ ಹೊಂಗೆ ಕೊಂಬೆ. ಕಾಣುವವರಿಗೆ ಮಾಡಿದ ಕಾಯ್ದೆ.

ಟ್ರೈಲರಿನ ಹಿಂಭಾಗಕ್ಕೆ ಎದುರಾಗಿ, ರಸ್ತೆಯ ಬಲ ಅಂಚಿನಲ್ಲಿ ಲಾಟೀನು ಎತ್ತಿ ಹಿಡಿದು ನಿಂತೆ. ಬಸ್ಸಿನ ಸದ್ದು ಕೇಳಿಸಿದಾಗ ಲಾಟೀನು ಬೀಸಿದೆ. ಅವರಿಗೆ ಬೆಳಕು ಕಂಡಿತು, ನಿಲ್ಲಿಸಿದರು. ಕಿಟಕಿಯ ಬಳಿ ಹೋಗಿ ಮೆಲ್ಲಗೆ, ‘ರೀ, ಎಡಕ್ಕೆ ದೊಡ್ಡ ಲಾರಿ ನಿಂತದೆ, ನನ್ನ ದೀಪದ ಪಕ್ಕದಲ್ಲೇ ಬನ್ನಿ’ ಎಂದೆ.

‘ಕಾಣ್ತದೆ ಬಿಡೇ, ನಾನೇನು ಕುರುಡನಾ?’ ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಗದರಿದರು. ಆದರೂ ಗೇರು ಹಾಕಿ, ನನ್ನ ದೀಪದ ಪಕ್ಕದಲ್ಲೇ ಬಂದರು.

ಮನೆಗೆ ಬಂದ ಮೇಲೆ ಅವರು ಕೇಳಿದ ಮೊದಲ ಮಾತು ಅದರ ಉದ್ದ ಎಷ್ಟು ಎಂದು. ನಾನು ಹೆಜ್ಜೆ ಹಾಕಿ ಅಳೆದಿದ್ದೆ, ಹೇಳಿದೆ. ಮೋರಿಗೂ ಅದರ ಮೂತಿಗೂ ನಡುವೆ ಎಷ್ಟು? ಅದನ್ನೂ ಹೇಳಿದೆ. ಅಡಿಗೆಮನೆಯ ನೆಲದಲ್ಲಿ ಸೀಮೆಸುಣ್ಣದಿಂದ ರಸ್ತೆ ಬರೆದು, ಟ್ರೈಲರು ಬರೆದು, ಮೋರಿ ಬರೆದು ತೋರಿಸಿದೆ. ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂತು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ಹಗಲು ಬೆಳಕಿನಲ್ಲಿ ಅಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಆ ಕಡೆ ಈ ಕಡೆ ನಡೆದು ನೋಡಿದರಂತೆ. ಕಂಡಕ್ಟರ್ ಹುಡುಗನಿಗೆ ಅದೊಂದು ತಮಾಷೆ. ‘ಅಣ್ಣ ಲಾರಿ ಕೊಂಡ್ಕಳ್ಳೋಕೆ ಹೊರಟವ್ರೆ’ ಎಂದು ನಗುತ್ತಿದ್ದ. ಗುಂಡಿ ದಾಟಿದ ಮೇಲೆ ಎಷ್ಟಕ್ಕೆ ಬಲಕ್ಕೆ ಎಳೆಯಬೇಕು, ಎಷ್ಟಕ್ಕೆ ಮತ್ತೆ ಎಡಕ್ಕೆ ತಂದು ಮೋರಿ ಹತ್ತಿಸಬೇಕು ಎಂದು ಬಾಯಿಪಾಠಕ್ಕೆ ಹೊಸ ಸಾಲು ಸೇರಿತು. ಆದರೂ ನಾನು ದಿನಾ ಸಂಜೆ ಲಾಟೀನು ಹಿಡಿದು ಅಲ್ಲೇ ನಿಂತೆ. ಊರಿನವರು ಟೀಚರಮ್ಮನಿಗೆ ಗಂಡನ ಮೇಲೆ ಎಷ್ಟು ಪ್ರೀತಿ ಎಂದು ಕಿಚಾಯಿಸಿದರು. ಪ್ರೀತಿ ಎಲ್ಲಿ ಬಂತು, ನನಗೆ ಬರೀ ಭಯ. ಬಸ್ಸಿನಲ್ಲಿ ನಲವತ್ತು ಜನ ಇರುತ್ತಿದ್ದರು. ಅವರಲ್ಲಿ ನನ್ನ ಶಾಲೆಯ ಮಕ್ಕಳ ಅಪ್ಪಂದಿರು, ಅವ್ವಂದಿರು ಇರುತ್ತಿದ್ದರು. ನಾನು ಹಗಲು ಆ ಮಕ್ಕಳಿಗೆ ಸತ್ಯ ಹೇಳಬೇಕು ಅಂತ ಪಾಠ ಮಾಡಿ ಸಂಜೆ ಲಾಟೀನು ಹಿಡಿಯುತ್ತಿದ್ದೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿ, ಬಸ್ಸು ಹತ್ತಿ ರಸ್ತೆ ನೋಡಿಕೊಳ್ಳುವ ಕಚೇರಿಗೆ ಹೋದೆ. ಕೈಯಲ್ಲಿ ನೀಟಾಗಿ ಬರೆದ ಅರ್ಜಿ. ಅಲ್ಲಿದ್ದ ಸಾಹೇಬರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಕಾನೂನು ಅಂತ ಒಂದಿದೆ ಎಂದು ಗೊತ್ತಾಗಿದ್ದು ಆವತ್ತೇ. ನಿಂತ ಗಾಡಿ ಡಾಂಬರು ಬಿಟ್ಟು ಕೆಳಗಿರಬೇಕು. ಕತ್ತಲಾದರೆ ಹಿಂದೆ ಕೆಂಪು ದೀಪ ಉರಿಯಬೇಕು. ಮೋರಿ, ತಿರುವು ಇರುವ ಕಡೆ ನಿಲ್ಲಿಸಲೇಬಾರದು.

‘ಆದ್ರೆ ಇವೆಲ್ಲ ಮಾಮೂಲಿ ಲಾರಿಗೆ ಕಣಮ್ಮ’ ಎಂದರು. ‘ಅಷ್ಟುದ್ದದ ಗಾಡೀನ ಡಾಂಬರಿಂದ ಇಳಿಸಿದ್ರೆ ಹೂತ್ಕೊಂಡು ರಸ್ತೆನೇ ಕಿತ್ಕೊಂಡು ಬತ್ತದೆ. ಮೋರಿಗೆ ಆಸರೆ ಕೊಡೋತಂಕ ಅಲ್ಲಾಡಿಸಂಗಿಲ್ಲ ಅಂತ ನಾವೇ ಬರ್ದುಕೊಟ್ಟಿದೀವಿ.’

‘ಆಸರೆ ಯಾವಾಗ ಕೊಡ್ತೀರಿ?’

‘ಇನ್ನೊಂದು ಹದಿನೈದು ದಿನ ಆಗಬೌದು. ಅಲ್ಲಮ್ಮ, ದಿನಕ್ಕೆ ಎಷ್ಟು ಬಸ್ಸು ಓಡಾಡ್ತವೆ. ಒಬ್ಬ ಡ್ರೈವರ್ರೂ ಕಂಪ್ಲೇಂಟ್ ಹೇಳಿಲ್ಲ. ನಿಮಗ್ಯಾಕೆ ಇಷ್ಟು ದಿಗಿಲು?’

ಬಾಯಿಗೆ ಬಂದದ್ದನ್ನು ನುಂಗಿದೆ. ಆ ಒಂದು ಮಾತು ಅಲ್ಲಿ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಮಕ್ಕಳು ಆ ದಾರಿಯಲ್ಲಿ ಓಡಾಡುತ್ತವೆ ಸಾರ್ ಎಂದು ಸುಳ್ಳಿಗೆ ಸತ್ಯದ ಅಂಗಿ ತೊಡಿಸಿ, ಅಳುವುದನ್ನು ತಡೆಯಲಾಗದೆ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಅರ್ಜಿ ತೆಗೆದುಕೊಂಡು, ನೋಡೋಣ ಹೋಗಿಬನ್ನಿ ಎಂದರು.

ನನ್ನ ಅಳು ಕೆಲಸ ಮಾಡಿತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ರೈಲು ಹಳಿಯ ಮರದ ದಿಮ್ಮಿಗಳನ್ನು ತುಂಬಿಕೊಂಡು ಆಳುಗಳು ಬಂದರು. ಮೋರಿಯ ಕೆಳಗೆ ಇಳಿದು ದಿಮ್ಮಿ ಅಡ್ಡಡ್ಡ ಪೇರಿಸಿ ಆಸರೆ ಕೊಟ್ಟರು. ಮೂರು ಗಂಟೆಗೆ ಆ ಟ್ರೈಲರು ಆಮೆಯ ಹಾಗೆ ತೆವಳುತ್ತ ಮೋರಿ ದಾಟಿ, ನಮ್ಮ ಶಾಲೆಯ ಮುಂದೆಯೇ ಹಾದುಹೋಯಿತು. ಹೆಡ್‌ಮೇಷ್ಟ್ರು ಪಾಠ ನಿಲ್ಲಿಸಿ ಎಲ್ಲ ಮಕ್ಕಳನ್ನೂ ಹೊರಗೆ ಬಿಟ್ಟರು. ಮಕ್ಕಳು ಕೇಕೆ ಹಾಕಿದವು. ಟ್ರೈಲರಿನ ಡ್ರೈವರು ನನ್ನನ್ನು ಕಂಡು ಕೈ ಬೀಸಿದ. ನಾನೂ ಚಪ್ಪಾಳೆ ತಟ್ಟಿದೆ. ಎದೆಯ ಮೇಲಿನ ಕಲ್ಲು ಇಳಿದಷ್ಟು ಹಗುರಾಗಿದ್ದೆ. ಅದಾದ ಅರ್ಧ ಗಂಟೆಗೆ ಅಜ್ಜಂಪುರಕ್ಕೆ ಹೋಗುವ ಇನ್ನೊಂದು ಬಸ್ಸು ಅದೇ ಶಾಲೆಯ ಮುಂದೆ ಎರಡು ನಿಮಿಷ ನಿಂತು ಹೋಯಿತು. ಅದರ ಡ್ರೈವರಿಗೂ ನಮ್ಮವರಿಗೂ ದಿನಾ ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಭೇಟಿ. ಒಂದು ಮಾತು ಹೇಳಿ ಕಳಿಸಬಹುದಿತ್ತು. ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಕಲ್ಲುಗಳ ವಿಷಯ. ಸಂಜೆ ಮನೆಯಲ್ಲಿ ಕೂತಾಗ, ಆ ಪುಣ್ಯಾತ್ಮ ಕಲ್ಲು ತೆಗೆದಿರುವುದಿಲ್ಲ ಎಂದು ನೆನಪಾಯಿತು. ಬಸ್ಸಿನ ಚಕ್ರ ಅದರ ಮೇಲೆ ಹತ್ತಿದರೆ? ಇನ್ನೂ ಬೆಳಕಿತ್ತು, ಲಾಟೀನು ಯಾಕೆ ಎಂದು ಬರಿಗೈಯಲ್ಲಿ ಹೊರಟೆ. ಅಂದುಕೊಂಡ ಹಾಗೇ ಕಲ್ಲುಗಳು ಸಾಲಾಗಿ ಕೂತಿದ್ದವು. ಬೈದುಕೊಳ್ಳುತ್ತ ಒಂದೊಂದಾಗಿ ಎತ್ತಿ ರಸ್ತೆಯ ಬಲಗಡೆಯ ತಗ್ಗಿಗೆ ಉರುಳಿಸಿದೆ. ಬಾಡಿದ ಹೊಂಗೆ ಕೊಂಬೆಯನ್ನೂ ಎಳೆದು ಎಸೆದೆ. ರಸ್ತೆ ಗುಡಿಸಿಟ್ಟಷ್ಟು ಚೊಕ್ಕಟವಾಯಿತು. ಅಷ್ಟರಲ್ಲಿ ಕತ್ತಲು ಕವಿಯುತ್ತ ಬಂದಿತ್ತು. ನಮ್ಮಂಥವರಿಗೆ ಇನ್ನೂ ಕಾಣುತ್ತಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು, ಅವರ ಬಸ್ಸಿನಲ್ಲೇ ಮನೆಗೆ ಹೋಗೋಣವೆಂದು ಬಲ ಅಂಚಿನಲ್ಲಿ ನಿಂತೆ.

ಬಸ್ಸು ಬಂತು. ದೂರದಲ್ಲಿ ಗುಂಡಿ ದಾಟಿದ ಸದ್ದು ಕೇಳಿಸಿತು. ಗೇರು ಬದಲಾಯಿಸಿದ್ದು ಕೇಳಿಸಿತು. ನಾನಿದ್ದ ಕಡೆಗೆ ದೀಪಗಳು ತಿರುಗಿದವು. ಅಲ್ಲಿಯವರೆಗೂ ನನಗೆ ಅರ್ಥವಾಗಿರಲಿಲ್ಲ.

ಅವರು ಟ್ರೈಲರನ್ನು ಸುತ್ತಿ ದಾಟುತ್ತಿದ್ದರು. ಅಡಿಗೆಮನೆಯ ನೆಲದಲ್ಲಿ ನಾನು ಬರೆದುಕೊಟ್ಟ ಆ ಉದ್ದವನ್ನೇ, ಎಣಿಸಿ, ಅಳತೆ ತಪ್ಪದೆ ದಾಟುತ್ತಿದ್ದರು. ಬಲಗಡೆ ಲಾಟೀನು ಇಲ್ಲದ್ದರಿಂದ ಎಲ್ಲಿಯವರೆಗೆ ಸರಿಯಬೇಕೆಂದು ತಿಳಿಯದೆ, ಇಲ್ಲದ ಲಾರಿಗೆ ತಾಗೀತೆಂದು ಇನ್ನಷ್ಟು ಬಲಕ್ಕೆ ಬಂದರು. ನಾನು ‘ರೀ’ ಎಂದು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಬಂಪರು ಮೈಮೇಲೆ ಬಂತು, ಹಿಂದಕ್ಕೆ ಜಿಗಿದೆ. ಜಾಲಿ ಮುಳ್ಳಿನ ಮೇಲೆ, ನಾನೇ ಉರುಳಿಸಿದ ಕಲ್ಲುಗಳ ಮೇಲೆ ಬಿದ್ದೆ. ಅಂಚಿನ ಮಣ್ಣು ಕುಸಿದು, ಮುಂದಿನ ಚಕ್ರ ನನ್ನ ತಲೆಗಿಂತ ಒಂದು ಮೊಳ ಮೇಲೆ ಬಂದು ನಿಂತಿತು. ಬಸ್ಸು ವಾಲಿತು. ಒಳಗೆ ಹೆಂಗಸರು ಕಿರುಚಿದರು. ನಾನು ಅಲ್ಲೇ ಬಿದ್ದು, ಈಗ ಉರುಳುತ್ತದೆ, ಈಗ ಉರುಳುತ್ತದೆ ಎಂದು ಕಾದೆ. ಉರುಳಲಿಲ್ಲ.

ಕಂಡಕ್ಟರ್ ಕೆಳಗೆ ಹಾರಿದ. ಮುಂದೆ ನೋಡಿದ, ಹಿಂದೆ ನೋಡಿದ.

‘ಯಾಕಣ್ಣ? ಯಾಕಿಂಗೆ ಎಳ್ದುಬಿಟ್ಟೆ? ಏನಿತ್ತು ರೋಡಲ್ಲಿ?’

‘ಲಾರಿ ಐತಲ್ಲೋ ಎಡಕ್ಕೆ’ ಎಂದರು ಅವರು.

ಬಸ್ಸಿನೊಳಗಿದ್ದ ಇಷ್ಟೂ ಜನ ಎಡಗಡೆಯ ಕಿಟಕಿಗಳಿಂದ ಖಾಲಿ ರಸ್ತೆಯನ್ನು ನೋಡಿದರು. ಒಂದು ಕಲ್ಲಾದರೂ ಅಲ್ಲಿ ಉಳಿದಿದ್ದರೆ ಕಲ್ಲಿಗೆ ತಪ್ಪಿಸಿದೆ ಅನ್ನಬಹುದಿತ್ತು. ಒಂದೂ ಇರಲಿಲ್ಲ.

ಮೊದಲು ಇಳಿದದ್ದು ಒಬ್ಬ ಅಜ್ಜಿ. ಬೇರೆ ಬಸ್ಸು ಹತ್ತದೆ ಇವರಿಗೇ ಕಾಯುತ್ತಿದ್ದವರಲ್ಲಿ ಅವಳೂ ಒಬ್ಬಳು. ಗಂಟು ಕಂಕುಳಲ್ಲಿ ಇಟ್ಟುಕೊಂಡು, ‘ನಾನು ನಡ್ಕಂಡೇ ಹೋಗ್ತೀನಿ ಕಣಪ್ಪ, ಊರೇನು ದೂರ ಇಲ್ಲ’ ಎಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ತಗ್ಗಿನಿಂದ ಎದ್ದು ಬಂದ ನನ್ನ ಪಕ್ಕದಲ್ಲೇ ಹಾದುಹೋದರು. ನನ್ನ ಕ್ಲಾಸಿನ ಹುಡುಗಿಯೊಬ್ಬಳ ಅವ್ವ ಮಾತ್ರ ಕಂಕುಳ ಕೂಸನ್ನು ಬಿಗಿಯಾಗಿ ಅವುಚಿಕೊಂಡು ನನ್ನ ಮುಖವನ್ನೇ ನೋಡಿದಳು. ಐದು ದಿನ ನಾನು ಲಾಟೀನು ಹಿಡಿದು ನಿಂತದ್ದು ಯಾಕೆಂದು ಅವಳಿಗೆ ಅರ್ಥವಾಗಿತ್ತು. ನಲವತ್ತು ಜನರ ಜೀವದ ಮೇಲೆ ಕೂತು ನಾನು ಗಂಡನ ಗುಟ್ಟು ಕಾದಿದ್ದೆ. ಕಂಡಕ್ಟರ್ ಹುಡುಗ ಅಜ್ಜಿಯ ಗಂಟು ಈಸಿಕೊಂಡು ಅವರ ಜೊತೆಗೇ ಹೋದ.

ನಾನು ಬಸ್ಸು ಹತ್ತಿದೆ. ಅವರು ಸೀಟಿನಲ್ಲೇ ಕೂತಿದ್ದರು, ಎರಡೂ ಕೈ ಸ್ಟೀರಿಂಗಿನ ಮೇಲೆ.

‘ಎಲ್ರೂ ಇಳುದ್ರಾ?’

‘ಹೂಂ.’

‘ನಿಂಗೇನೂ ಆಗ್ಲಿಲ್ವಲ್ಲ?’

‘ಇಲ್ಲ’ ಎಂದೆ. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಅವರಿಗೆ ಕಾಣುತ್ತಿರಲಿಲ್ಲ.

‘ಲಾರಿ ಯಾವಾಗ ಹೋಯ್ತು?’ ಎಂದು ಕೇಳಿದರು.

‘ಮೂರು ಗಂಟೆಗೆ.’

‘ನೀನು ನೋಡ್ದ್ಯಾ?’

‘ನೋಡ್ದೆ.’

ಆಮೇಲೆ ನಾವಿಬ್ಬರೂ ಬಾಳಿದ ಅಷ್ಟೂ ವರ್ಷಗಳಲ್ಲಿ ಅವರು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎಂದಾದರೂ ಎತ್ತುತ್ತಾರೆಂದು ನಾನು ಹೆದರಿಕೊಂಡೇ ಇದ್ದೆ.

ಎಂಜಿನ್ನು ನಿಲ್ಲಿಸಿ, ಬಸ್ಸಿನ ಕೀ ತೆಗೆದು, ‘ತಗೋ, ಕಂಡಕ್ಟರ್‌ಗೆ ಕೊಟ್ಬಿಡು. ನಾಳೆಯಿಂದ ಬೇರೆಯವ್ರು ಓಡುಸ್ಲಿ’ ಎಂದು ಕೈ ಚಾಚಿದರು. ನಾನು ನಿಂತಿದ್ದು ಅವರ ಬೆನ್ನ ಹಿಂದೆ, ಎಡಕ್ಕೆ. ಅವರು ಕೈ ಚಾಚಿದ್ದು ಮುಂದಿನ ಬಾಗಿಲ ಕಡೆಗೆ, ಯಾರೂ ಇಲ್ಲದ ಕಡೆಗೆ. ಸದ್ದಾಗದಂತೆ ಸರಿದು ಹೋಗಿ ಅಲ್ಲಿ ನಿಂತು, ಕೀ ಈಸಿಕೊಂಡೆ.